ಆನೆ–ಕತ್ತೆಯ ಶೀಟು

ಒಮಾನಿನಲ್ಲಿ ಸೀಬ್‌ನಿಂದ ಅಲ್ ಖುವೈರ್‌ಗೆ ಹೋಗುವಾಗ ಬೆಳಗಿನ ಬಿಸಿಲು ಎದುರಿಗೆ ಬರುತ್ತದೆ. ಸಂಜೆ ವಾಪಸು ಬರುವಾಗಲೂ ಎದುರಿಗೇ ಬರುತ್ತದೆ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಹೋಗುವ ನಮ್ಮಂಥ ಆಫೀಸಿನವರಿಗೆ ಎರಡು ಹೊತ್ತೂ ಅದು ತಪ್ಪುತ್ತಿರಲಿಲ್ಲ. ಹಾಗಾಗಿ ಕಾರಿನ ಗಾಜಿನ ಮೇಲ್ಗಡೆ ಬಿಸಿಲಿಗೆ ಅಡ್ಡ ಇಳಿಸುವ ಫಲಕವನ್ನು ದಿನಕ್ಕೆರಡು ಸಲ ಇಳಿಸಲೇಬೇಕಿತ್ತು. ಆ ಫಲಕದ ಹಿಂದೆ ಮಡಚಿ ಸಿಕ್ಕಿಸಿದ್ದ ಒಂದು ಹಾಳೆಯನ್ನು ನಾನು ಆರು ತಿಂಗಳು ದಿನಕ್ಕೆರಡು ಸಲ ನೋಡಿದೆ. ಆ ಹಾಳೆಯನ್ನು ಮಾಡಿದವನು ನಾನೇ.

ಕಾರು ನನ್ನದಲ್ಲ, ಮಂಗಳೂರಿನವರದು. ಅವರು ನಮ್ಮ ಕಂಪನಿಯ ಪಂಪು ವಿಭಾಗದಲ್ಲಿದ್ದರು, ನಾನು ಪ್ಲಾನಿಂಗ್‌ನಲ್ಲಿ. ಎಣ್ಣೆ ತೆಗೆಯುವ ಬಾವಿಗಳಿಗೆ ಪಂಪು ಮತ್ತು ಬಿಡಿಭಾಗ ಒದಗಿಸುವುದು ನಮ್ಮ ಕಂಪನಿಯ ಕೆಲಸ. ಅವರು ನನಗಿಂತ ನಾಲ್ಕು ವರ್ಷ ದೊಡ್ಡವರು. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕರಾವಳಿಯ ಕನ್ನಡ. ನನ್ನನ್ನು ಅವರು ಹೆಸರಿನಿಂದ ಕರೆದದ್ದು ಕಡಿಮೆ, ‘ಮೈಸೂರೇ’ ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಡ್ರಾಯಿಂಗ್ ವಿಭಾಗದ ಬೆಂಗಳೂರಿನವರೊಬ್ಬರು ಕೂರುತ್ತಿದ್ದರು. ಅವರಿಗೆ ವಿಮಾನ ನಿಲ್ದಾಣ ದಾಟುವ ಮೊದಲೇ ನಿದ್ದೆ ಹತ್ತುತ್ತಿತ್ತು.

ಎಣ್ಣೆಯ ದರ ಮೂರಂಕಿಯಿಂದ ಇಳಿಯುತ್ತ ಇಳಿಯುತ್ತ ಯಾರೂ ಊಹಿಸದಷ್ಟು ಕೆಳಗೆ ಹೋಗಿದ್ದ ಕಾಲ ಅದು. ಮೊದಲೆಲ್ಲ ಕಾರಿನಲ್ಲಿ ಶಾಲೆ, ಊರು, ಮೀನು ಎಂದು ಮಾತಾಡುತ್ತಿದ್ದ ನಾವು ಆಮೇಲೆ ದರವನ್ನೇ ಮಾತಾಡಿದೆವು. ರೇಡಿಯೊದಲ್ಲಿ ಒಮಾನ್ ಎಣ್ಣೆಯ ದರ ಹೇಳುವಾಗ ಮಂಗಳೂರಿನವರು ಕೈ ಎತ್ತಿ ನಮ್ಮನ್ನು ಸುಮ್ಮನಿರಿಸುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ನಾನು ಫೋನಿನಲ್ಲಿ ಅದನ್ನೇ ಇನ್ನೊಮ್ಮೆ ನೋಡುತ್ತಿದ್ದೆ. ಎರಡು ನಿಮಿಷದ ಹಿಂದೆ ಕೇಳಿದ್ದು ಬದಲಾಗಿರುವುದಿಲ್ಲ ಎಂದು ಗೊತ್ತಿದ್ದರೂ ನೋಡುತ್ತಿದ್ದೆ.

ಆ ವರ್ಷ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ. ಅಲ್ಲಿಯ ಎರಡು ಪಕ್ಷಗಳಲ್ಲಿ ಒಂದರ ಗುರುತು ಆನೆ, ಇನ್ನೊಂದರದು ಕತ್ತೆ. ಪಕ್ಷಗಳ ಹೆಸರು ಬಿಟ್ಟು ನಾವು ಆನೆಯವರು, ಕತ್ತೆಯವರು ಎಂದೇ ಹೇಳುತ್ತಿದ್ದೆವು. ಆನೆಯವರ ಅಧ್ಯಕ್ಷ ಬಂದರೆ ಎಣ್ಣೆಗೂ ಎಣ್ಣೆಯನ್ನು ನಂಬಿದ ದೇಶಗಳಿಗೂ ಒಳ್ಳೆಯದು ಎಂದು ಮಂಗಳೂರಿನವರ ವಾದ. ಕತ್ತೆಯವರ ಕಾಲದಲ್ಲಿ ಅಲ್ಲಿಯ ವ್ಯಾಪಾರ ನೆಲೆಯಾಗಿ ನಿಲ್ಲುತ್ತದೆ, ಅಲ್ಲಿ ವ್ಯಾಪಾರ ಗಟ್ಟಿಯಾದರೆ ಇಲ್ಲಿ ಎಣ್ಣೆಗೆ ಗಿರಾಕಿ ಇರುತ್ತಾರೆ ಎಂದು ನನ್ನದು. ನಮ್ಮಿಬ್ಬರಿಗೂ ಅಮೆರಿಕದಲ್ಲಿ ವೋಟಿರಲಿಲ್ಲ, ಒಮಾನಿನಲ್ಲೂ ಇರಲಿಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿದಿದೆಯೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ಆದರೂ ಮುಖ ಕೆಂಪಾಗುವಷ್ಟು ಜಗಳವಾಡಿದ್ದೇವೆ. ಹಿಂದಿನ ಸೀಟಿನವರು ಒಮ್ಮೆ ಕಣ್ಣು ಬಿಟ್ಟು, ಎರಡು ಪ್ರಾಣಿಗಳಲ್ಲಿ ಯಾವುದಾದರೂ ತಮ್ಮ ವೀಸಾ ರಿನ್ಯೂ ಮಾಡಿಸುವುದಾದರೆ ಎಬ್ಬಿಸಿ ಎಂದು ಹೇಳಿ ಮತ್ತೆ ಮಲಗಿದರು.

ವಾದ ತೀರಿಸಲು ನಾನು ಆಫೀಸಿನ ಊಟದ ವೇಳೆಯಲ್ಲಿ ಕಂಪ್ಯೂಟರಿನಲ್ಲಿ ಒಂದು ಶೀಟು ಮಾಡಿದೆ. ಕೆಲವು ಅಧ್ಯಕ್ಷರ ಕಾಲದ ಎಣ್ಣೆಯ ದರ ಮತ್ತು ಅಮೆರಿಕದ ನಿರುದ್ಯೋಗ, ತಿಂಗಳಿಂದ ತಿಂಗಳಿಗೆ. ಆನೆಯವರಿಗೆ ಕೆಂಪು, ಕತ್ತೆಯವರಿಗೆ ನೀಲಿ. ಅವು ಆ ಪಕ್ಷಗಳದೇ ಬಣ್ಣಗಳು. ಶೀಟಿನ ಮೇಲ್ತುದಿಯ ಚೌಕದ ಮನೆಯಲ್ಲಿ ಒಂದು ತಾರೀಕು ತುಂಬಿದರೆ ಸಾಕು, ಅಲ್ಲಿಗೆ ಒಂದು ನೆಟ್ಟನೆಯ ಗೆರೆ ಬಿದ್ದು ಒಬ್ಬನ ಕಾಲ ಮುಗಿದು ಇನ್ನೊಬ್ಬನದು ಶುರುವಾಗುವ ಹಾಗೆ ಅದನ್ನು ಕಟ್ಟಿದ್ದೆ. ಶೀಟಿಗೆ ಇಂಗ್ಲಿಷ್ ಅಕ್ಷರದಲ್ಲಿ ‘ಆನೆ ಕತ್ತೆ’ ಎಂದು ಹೆಸರಿಟ್ಟೆ. ಪ್ರಿಂಟ್ ತೆಗೆದರೆ ಹಾಳೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಆ ಹೆಸರು ತಾನಾಗಿ ಬರುತ್ತಿತ್ತು.

ಮರುದಿನ ಅದನ್ನು ಕಾರಿನಲ್ಲಿ ತೋರಿಸಿದೆ. ಮಂಗಳೂರಿನವರು ಸಿಗ್ನಲ್ಲಿನಲ್ಲಿ ನಿಂತಷ್ಟೂ ಹೊತ್ತು ನೋಡಿದರು. ಆಮೇಲೆ ಗೆರೆಯ ಮೇಲೆ ಬೆರಳಿಟ್ಟರು.

“ಇದು ಎಲ್ಲಿಂದ ಶುರು ಮಾಡಿದ್ದು ಮಾರಾಯ್ರೆ?”

ಅಧ್ಯಕ್ಷ ಕುರ್ಚಿಯಲ್ಲಿ ಕೂತ ದಿನದಿಂದ, ಜನವರಿಯಿಂದ ಎಂದೆ.

“ಹಾಗೆ ಆಗ್ಲಿಕ್ಕಿಲ್ಲ. ಹಿಂದಿನವ ಒಲೆ ಆರಿಸಿ ಹೋದ್ದು, ಇವ ಬಂದು ನೋಡುವಾಗ ಅನ್ನ ಬೇಯ್ಲಿಲ್ಲ. ತಪ್ಪು ಯಾರದ್ದು? ಒಂದು ವರ್ಷ ಬಿಟ್ಟು ಗೆರೆ ಎಳೀರಿ.”

ಬಿಡಲಾಗದು ಎಂದೆ. ಒಂದು ವರ್ಷ ಏಕೆ, ಆರು ತಿಂಗಳು ಏಕಲ್ಲ, ಎರಡು ವರ್ಷ ಏಕಲ್ಲ? ಒಮ್ಮೆ ಬಿಡಲು ಶುರುಮಾಡಿದರೆ ಪ್ರತಿಯೊಬ್ಬನೂ ತನಗೆ ಬೇಕಾದಷ್ಟು ಬಿಟ್ಟುಕೊಳ್ಳುತ್ತಾನೆ. ಕೂತ ದಿನ ಮಾತ್ರ ಎಲ್ಲರಿಗೂ ಒಂದೇ. ಅವರು ರೇಡಿಯೊ ಕಡೆ ಕೈ ತೋರಿಸಿದರು. ಇವತ್ತು ಹೇಳುವ ಒಮಾನ್ ಎಣ್ಣೆಯ ದರವೇ ಇವತ್ತಿನದಲ್ಲ, ಎರಡು ತಿಂಗಳ ನಂತರ ಹಡಗಿಗೆ ತುಂಬುವ ಎಣ್ಣೆಯದು. ಎಣ್ಣೆ ಮಾರುವವರೇ ಎರಡು ತಿಂಗಳು ಬಿಡುತ್ತಾರೆ, ಮೈಸೂರಿನವರಿಗೆ ಮಾತ್ರ ಆಗುವುದಿಲ್ಲ ಎಂದರು. ಗೆರೆಯನ್ನು ಒಂದು ವರ್ಷ ಸರಿಸಿ ನೋಡೋಣ ಎಂದು ಅವರ ಸಮಾಧಾನಕ್ಕೆ ಊಟದ ವೇಳೆಯಲ್ಲಿ ಸರಿಸಿದೆ. ಮೊದಲ ಹಾಳೆಯಲ್ಲಿ ಗೆದ್ದವನು ಇದರಲ್ಲಿ ಸೋತ. ಆ ಹಾಳೆಯನ್ನು ನಾನು ಕಾರಿಗೆ ಒಯ್ಯಲಿಲ್ಲ. ಇದನ್ನು ಅವರಿಗೆ ನಾನು ಹೇಳಿದ್ದು ಬಹಳ ತಡವಾಗಿ.

ಸೆಪ್ಟೆಂಬರಿನಲ್ಲಿ ಹಿಂದಿನ ಸೀಟು ಖಾಲಿಯಾಯಿತು. ಡ್ರಾಯಿಂಗ್ ವಿಭಾಗದಿಂದ ಮೂವರನ್ನು ತೆಗೆದರು. ಬೆಂಗಳೂರಿನವರು ಕೊನೆಯ ದಿನವೂ ನಿದ್ದೆ ಮಾಡಿದರು, ಅಥವಾ ಕಣ್ಣು ಮುಚ್ಚಿಕೊಂಡಿದ್ದರು. ಅವರು ಹೋದ ಮೇಲೆ ಒಂದು ವಾರ ನಾವು ಅಧ್ಯಕ್ಷರ ಮಾತೆತ್ತಲಿಲ್ಲ.

ಮಂಗಳೂರಿನವರು ಪಂಪು ವಿಭಾಗದ ಮುಖ್ಯಸ್ಥರಾಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅವರೂ ಜನವರಿಯಲ್ಲೇ ಕೂತಿದ್ದರು. ಅವರಿಗಿಂತ ಹಿಂದೆ ಇದ್ದವರು ಡಿಸೆಂಬರಿನಲ್ಲಿ ಬೇರೆ ದೇಶದಲ್ಲಿ ಕೆಲಸ ಹಿಡಿದು ಹೋದರು. ನಮ್ಮ ವ್ಯವಹಾರದಲ್ಲಿ ಗಿರಾಕಿಗೆ ಇವತ್ತು ಕೊಟೇಶನ್ ಕಳಿಸಿದರೆ ಆರ್ಡರ್ ಬರುವುದು ಸುಮಾರು ಎಂಟು ತಿಂಗಳಿಗೆ. ಹಿಂದಿನವರು ತಮ್ಮ ಕೊನೆಯ ಆರೇಳು ತಿಂಗಳು ಹೊಸ ಕೆಲಸ ಹುಡುಕುವುದರಲ್ಲಿದ್ದರು. ಕೊಟೇಶನ್ ಹೋದದ್ದು ಬೆರಳೆಣಿಕೆಯಷ್ಟು. ಆದರೆ ಅದಕ್ಕೂ ಹಿಂದಿನ ಒಳ್ಳೆಯ ಕಾಲದ ಆರ್ಡರುಗಳು ಆಗ ಬರುತ್ತಿದ್ದುದರಿಂದ ಯಾರಿಗೂ ಅದು ಕಾಣಲಿಲ್ಲ. ಮಂಗಳೂರಿನವರು ಕೂತಾಗ ಆರ್ಡರುಗಳು ಬರುವುದು ನಿಂತಿತ್ತು. ಅವರು ಕೊಟೇಶನ್ ಕಳಿಸುತ್ತಲೇ ಇದ್ದರು, ಬಾವಿಗಳಿರುವ ಕಡೆಗೆ ಮರುಭೂಮಿಯಲ್ಲಿ ತಾವೇ ಕಾರು ಓಡಿಸಿಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಯಾವ ಕೊಟೇಶನ್ ಯಾವತ್ತು ಹೋಯಿತು ಎಂಬ ಪಟ್ಟಿ ನನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲಿತ್ತು. ತಿರುಗಿದರೆ ಕೈಗೆ ಸಿಗುವಷ್ಟು ಹತ್ತಿರ.

ಅಕ್ಟೋಬರಿನ ಒಂದು ಗುರುವಾರ ನಮ್ಮ ಮ್ಯಾನೇಜರ್ ನನ್ನನ್ನು ಕರೆದರು. ಅವರು ಒಮಾನಿನವರು, ಹಳೆಯ ಬಂದರು ಪೇಟೆ ಮತ್ರಾದಲ್ಲಿ ಬೆಳೆದವರು. ನಮ್ಮ ಜೊತೆ ಹಿಂದಿ ಮಾತಾಡುತ್ತಿದ್ದರು. ಪಂಪು ವಿಭಾಗ, ಹಿಂದಿನವರ ಕಾಲದಲ್ಲಿ ಹೇಗಿತ್ತು, ಈಗಿನವರ ಕಾಲದಲ್ಲಿ ಹೇಗಿದೆ, ಒಂದೇ ಪುಟ, ಮಧ್ಯಾಹ್ನದ ನಮಾಜಿಗೆ ಮುಂಚೆ ಬೇಕು ಎಂದರು. ಏಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಏಕೆಂದು ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ವಿಭಾಗ ಸೇರಿಸಿ ಒಬ್ಬರನ್ನೇ ಮುಖ್ಯಸ್ಥರಾಗಿ ಇಟ್ಟುಕೊಳ್ಳುತ್ತಾರೆ ಎಂಬ ಮಾತು ಚಹಾ ಯಂತ್ರದ ಹತ್ತಿರ ಎಲ್ಲರೂ ಆಡುತ್ತಿದ್ದರು.

ನನ್ನ ಹತ್ತಿರ ಎರಡು ಗಂಟೆ ಇತ್ತು. ಹೊಸ ಶೀಟು ಕಟ್ಟುವ ಬದಲು ಅಧ್ಯಕ್ಷರ ಶೀಟನ್ನೇ ತೆರೆದೆ. ದರ ಇದ್ದ ಕಡೆ ತಿಂಗಳ ಆರ್ಡರುಗಳ ಸಂಖ್ಯೆ ತುಂಬಿದೆ. ಅಧ್ಯಕ್ಷರ ಜಾಗದಲ್ಲಿ ಇಬ್ಬರು ಮುಖ್ಯಸ್ಥರ ಹೆಸರು ಬರೆದೆ. ಮೇಲಿನ ಮನೆಯಲ್ಲಿ ಜನವರಿಯ ತಾರೀಕು ಹಾಕಿದೆ. ಗೆರೆ ಬಿತ್ತು. ಎಡಕ್ಕೆ ಕೆಂಪು ಎತ್ತರದಲ್ಲಿತ್ತು, ಬಲಕ್ಕೆ ನೀಲಿ ನೆಲ ಹಿಡಿದಿತ್ತು. ಒಂದು ಅಂಕಿಯೂ ತಪ್ಪಿರಲಿಲ್ಲ. ಮೂರು ಸಲ ನೋಡಿದೆ. ನೋಡುವಾಗ ಬೆನ್ನ ಹಿಂದಿನ ಕಪಾಟು ನೆನಪಾಯಿತು ಎಂಬುದೂ ನಿಜ. ಕೊಟೇಶನ್ನಿನ ಪಟ್ಟಿ ತೆಗೆದರೆ ಇನ್ನೊಂದು ಪುಟ ಬೇಕಾಗುತ್ತದೆ, ಅವರು ಕೇಳಿದ್ದು ಒಂದೇ ಪುಟ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರಿಂಟ್ ತೆಗೆದು ಕೊಟ್ಟೆ. ಅಡಿಯಲ್ಲಿ ಏನು ಬಂದಿದೆ ಎಂದು ನೋಡಲಿಲ್ಲ.

ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಮಂಗಳೂರಿನವರ ಮನೆಯವರು ಚರ್ಚಿಗೆ ಹೋಗಿ ಬಂದ ಮೇಲೆ ನಾವು ಅಲ್ಲಿಗೆ ಊಟಕ್ಕೆ ಹೋಗಬೇಕಿತ್ತು, ಮೊದಲೇ ಮಾತಾಗಿತ್ತು. ಹೋದೆವು. ಅವರ ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಳು, ನನ್ನ ಮಗಳ ಶಾಲೆಯಲ್ಲೇ. ಬೋರ್ಡ್ ಪರೀಕ್ಷೆಗೆ ಅಲ್ಲೇ ಹೆಸರು ನೋಂದಾಯಿಸಿಯಾಗಿತ್ತು. ಈಗ ಊರಿಗೆ ಹೋದರೆ ಒಂದು ವರ್ಷ ಹಾಳು ಎಂದು ಅವಳ ತಾಯಿ ನನ್ನ ಹೆಂಡತಿಗೆ ಹೇಳುತ್ತಿದ್ದರು, ಏನೋ ವಾಸನೆ ಹಿಡಿದವರ ಹಾಗೆ. ನಾನು ಎರಡು ಸಲ ಕೈ ತೊಳೆಯಲು ಎದ್ದೆ. ಹುಡುಗಿ ಬಡಿಸುತ್ತ, “ಅಂಕಲ್, ಡ್ಯಾಡಿ ಸೇಸ್ ಯು ನೆವರ್ ಗಿವ್ ಗ್ರೇಸ್ ಮಾರ್ಕ್ಸ್” ಎಂದು ನಕ್ಕಳು. ಅಧ್ಯಕ್ಷರ ವಿಷಯ ಅದು.

ಭಾನುವಾರ ಮ್ಯಾನೇಜರ್ ಮಂಗಳೂರಿನವರನ್ನು ಒಳಗೆ ಕರೆದು ಆ ಹಾಳೆ ತೋರಿಸಿ ಒಂದು ಪ್ರತಿ ಕೊಟ್ಟರು. ವಿಭಾಗಗಳು ಸೇರುತ್ತವೆ, ಇನ್ನೊಂದು ವಿಭಾಗದ ಮುಖ್ಯಸ್ಥರು ಉಳಿಯುತ್ತಾರೆ, ಮಂಗಳೂರಿನವರಿಗೆ ಒಂದು ತಿಂಗಳ ನೋಟಿಸು. ಇದು ನನಗೆ ಚಹಾ ಯಂತ್ರದ ಹತ್ತಿರವೇ ಗೊತ್ತಾಯಿತು. ಸಂಜೆ ಐದಕ್ಕೆ ಎಂದಿನ ಹಾಗೆ ಅವರು ಕಾರಿನ ಹತ್ತಿರ ಕಾಯುತ್ತಿದ್ದರು. ನಾನು ಟ್ಯಾಕ್ಸಿಯಲ್ಲಿ ಹೋಗಬಹುದಿತ್ತು. ಆ ಯೋಚನೆ ಬಂದಿತ್ತು. ಹೋಗಿ ಕೂತೆ.

ಹೆದ್ದಾರಿಗೆ ಬಂದ ಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ಅವರು ಫಲಕ ಇಳಿಸಿದರು. ಅದರ ಹಿಂದೆ ಸಿಕ್ಕಿಸಿದ್ದ ಹಾಳೆ ಕಂಡಿತು. ತೆಗೆದು ನನ್ನ ಮಡಿಲಲ್ಲಿಟ್ಟರು. ಕೆಂಪು, ನೀಲಿ, ನಡುವೆ ಗೆರೆ. ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಆನೆ ಕತ್ತೆ’.

“ಮ್ಯಾನೇಜರ್ ಕೇಳಿದ್ರು, ಇದೆಂತ ಫಾರಂ ನಂಬರಾ ಅಂತ. ನಾನು ಹೌದು ಅಂದೆ” ಎಂದರು. ಸ್ವಲ್ಪ ದೂರ ಹೋದ ಮೇಲೆ, “ನಾನು ಆನೆಯೋ ಕತ್ತೆಯೋ ಅಂತ ನೀವು ಬರೀಲಿಲ್ಲ. ಬಣ್ಣ ನೋಡಿದ್ರೆ ಕತ್ತೆ” ಎಂದರು.

ನಾನೇ ಮಾಡಿದ್ದು ಎಂದೆ.

“ಅದು ಗೊತ್ತುಂಟು. ಲೆಕ್ಕದಲ್ಲಿ ತಪ್ಪಿಲ್ಲ ಮಾರಾಯ್ರೆ, ನಾನು ನೋಡಿದೆ. ನಂಗೆ ಒಂದೇ ಕೇಳ್ಲಿಕ್ಕಿರೋದು. ಆ ಕೊಟೇಶನ್ನಿನ ಪಟ್ಟಿ ನಿಮ್ಮ ಬೆನ್ನಿಗೇ ಇತ್ತಲ್ಲ?”

ಇತ್ತು ಎಂದೆ. ಅವರು ಹಾಳೆಯನ್ನು ತೆಗೆದುಕೊಂಡು ಮತ್ತೆ ಫಲಕದ ಹಿಂದೆ ಸಿಕ್ಕಿಸಿದರು. ವಿಮಾನ ನಿಲ್ದಾಣದ ಹತ್ತಿರ ನಾನು ಆ ಬೇಸಿಗೆಯಲ್ಲಿ ಒಂದು ವರ್ಷ ಬಿಟ್ಟು ಗೆರೆ ಎಳೆದು ನೋಡಿದ್ದನ್ನೂ, ಗೆದ್ದವನು ಸೋತದ್ದನ್ನೂ, ಆ ಹಾಳೆಯನ್ನು ಅವರಿಗೆ ತೋರಿಸದಿದ್ದುದನ್ನೂ ಹೇಳಿದೆ. ಅವರು ರೇಡಿಯೊದ ದನಿ ಸ್ವಲ್ಪ ಏರಿಸಿದರು.

ಮರುದಿನ ಬೆಳಿಗ್ಗೆ ಪಟ್ಟಿ ತೆಗೆದೆ. ಪ್ರತಿ ಆರ್ಡರನ್ನೂ ಅದಕ್ಕೆ ಕಾರಣವಾದ ಕೊಟೇಶನ್ನಿನ ತಾರೀಕಿಗೆ ಸೇರಿಸಿದೆ. ಎಂಟು ತಿಂಗಳು ಸರಿಸಿದ ಕೂಡಲೇ ಬರಿದಾಗಿದ್ದ ತಿಂಗಳುಗಳು ಹಿಂದಿನವರ ಕಡೆಗೆ ಹೋದವು. ಮಂಗಳೂರಿನವರ ಪಾಲಿಗೆ ಉಳಿದದ್ದು ಆಗಸ್ಟಿನ ನಂತರದ ಸ್ವಲ್ಪ ಕಾಲ. ಅದರಲ್ಲಿ ಎರಡು ಆರ್ಡರ್ ಬಂದಿದ್ದವು. ಉಳಿದ ಕೊಟೇಶನ್ನುಗಳು ಗಿರಾಕಿಗಳ ಮೇಜಿನಲ್ಲಿ ಕಾಯುತ್ತಿದ್ದವು. ಅವರು ಚೆನ್ನಾಗಿ ನಡೆಸಿದರು ಎಂದು ಈ ಎರಡನೆಯ ಹಾಳೆ ಹೇಳುತ್ತಿರಲಿಲ್ಲ. ಇನ್ನೂ ಹೇಳಲು ಬರುವುದಿಲ್ಲ ಎಂದಷ್ಟೇ ಹೇಳುತ್ತಿತ್ತು.

ಮ್ಯಾನೇಜರ್ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ತಲೆಯ ಮೇಲಿನ ಕಸೂತಿ ಟೋಪಿ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು. ಮೊದಲನೆಯದು ಮೇಲಿನವರಿಗೆ ಹೋಗಿದೆ, ಸಹಿಯಾಗಿದೆ, ಖಲಾಸ್ ಎಂದರು. ಸಿಟ್ಟಿನಿಂದಲ್ಲ, ದಣಿದವರ ಹಾಗೆ. ಆಮೇಲೆ ಹಿಂದಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: “ಗುರುವಾರ ಈ ಹಾಳೆಯನ್ನೂ ತಂದಿದ್ದರೆ ಎರಡನ್ನೂ ಕಳಿಸುತ್ತಿದ್ದೆ. ಯಾಕೆ ತರಲಿಲ್ಲ?”

ಸಮಯವಿರಲಿಲ್ಲ ಎಂದೆ. ಅದು ಪೂರ್ತಿ ನಿಜವಲ್ಲ, ಮತ್ತು ಅದು ಅವರಿಗೂ ತಿಳಿದಂತೆ ಕಂಡಿತು.

ಮಂಗಳೂರಿನವರ ಮಗಳ ಪರೀಕ್ಷೆಯ ವಿಷಯವನ್ನು ನಾನು ಆಗ ಹೇಳಿದೆ. ಮ್ಯಾನೇಜರ್ ತಿಂಗಳು ಯಾವುದು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡರು. ಹತ್ತು ದಿನದ ನಂತರ ಮಂಗಳೂರಿನವರ ನೋಟಿಸು ಬದಲಾಯಿತು. ಪರೀಕ್ಷೆ ಮುಗಿಯುವವರೆಗೆ ಅವರು ವಿಭಾಗದಲ್ಲಿ ಇರಬಹುದು, ಮುಖ್ಯಸ್ಥರಾಗಿ ಅಲ್ಲ. ಹೋಗುವಾಗ ಬೇರೆ ಕಂಪನಿಗೆ ಸೇರಲು ಅಡ್ಡಿಯಿಲ್ಲ ಎಂಬ ಪತ್ರವನ್ನೂ ಕೊಡುತ್ತಾರೆ. ಇದು ನನ್ನ ಎರಡನೆಯ ಹಾಳೆಯಿಂದ ಆಯಿತೋ, ಆ ಚೀಟಿಯಿಂದಲೋ, ಅಥವಾ ಮಂಗಳೂರಿನವರೇ ಹೋಗಿ ಕೇಳಿಕೊಂಡಿದ್ದರೋ ನನಗೆ ಗೊತ್ತಿಲ್ಲ. ಹಿಂದೆ ಮುಂದೆ ನಡೆದ ಎರಡು ಸಂಗತಿಗಳ ನಡುವೆ ಗೆರೆ ಎಳೆಯಲು ನನಗೆ ಆಮೇಲೆ ಧೈರ್ಯ ಬಂದಿಲ್ಲ.

ಅವರು ನನ್ನನ್ನು ಕಾರಿನಿಂದ ಇಳಿಸಲಿಲ್ಲ. ಬೆಳಿಗ್ಗೆ ಆರೂಮುಕ್ಕಾಲಿಗೆ ನಮ್ಮ ಕಟ್ಟಡದ ಕೆಳಗೆ ಹಾರ್ನ್ ಕೇಳುತ್ತಿತ್ತು, ಮೊದಲಿನ ಹಾಗೇ ಎರಡು ಸಲ. ಬೇರೆಯವರ ಕಾರಿನಲ್ಲಿ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿದಾಗ ಅವಳು, “ಅವರು ಕರ್ಕೊಂಡು ಹೋಗ್ತಿರೋವಾಗ ನೀವು ಯಾಕ್ರೀ ತಪ್ಪಿಸ್ಕೋತೀರಿ” ಎಂದಳು. ನಾನು ಹತ್ತುತ್ತಿದ್ದೆ. ಹಾಳೆ ಫಲಕದ ಹಿಂದೆಯೇ ಇತ್ತು. ಕೆಲವೊಮ್ಮೆ ಒಂದು ಮೂಲೆ ಜಾರಿ ಗಾಳಿಗೆ ಪಟಪಟ ಎನ್ನುತ್ತಿತ್ತು, ಅವರು ನೋಡದೆಯೇ ಬೆರಳಿನಿಂದ ಒಳಗೆ ತಳ್ಳುತ್ತಿದ್ದರು. ನಾನು ಸೀಟ್ ಬೆಲ್ಟನ್ನು ಬಿಚ್ಚಿ ಹಾಕುವುದು, ಕಿಟಕಿ ಇಳಿಸಿ ಏರಿಸುವುದು, ಫೋನು ತೆಗೆಯುವುದು ಇವನ್ನೆಲ್ಲ ಮಾಡುತ್ತಿದ್ದೆ. ಮೊದಲು ಅರ್ಧ ಗಂಟೆಯಾಗಿದ್ದ ದಾರಿ ಆಗಲೂ ಅರ್ಧ ಗಂಟೆಯದೇ ಆಗಿತ್ತು.

ನವೆಂಬರಿನಲ್ಲಿ ಅಮೆರಿಕದಲ್ಲಿ ಆನೆಯವರು ಗೆದ್ದರು. ತಾವು ಹೇಳಿದ ಪಕ್ಷ ಗೆದ್ದರೂ ಮಂಗಳೂರಿನವರು ರೇಡಿಯೊದಲ್ಲಿ ಆ ಸುದ್ದಿ ಮುಗಿದು ಎಣ್ಣೆಯ ದರ ಬರುವುದನ್ನೇ ಕಾದರು. ತಿಂಗಳ ಕೊನೆಗೆ ಎಣ್ಣೆಯ ದೇಶಗಳು ಸೇರಿ ಉತ್ಪಾದನೆ ಇಳಿಸಲು ಒಪ್ಪಿದವು, ದರ ಸ್ವಲ್ಪ ಏರಿತು. ರೇಡಿಯೊ ಕೇಳಿ ಅವರು ಮೊದಲ ಸಲ ಹಳೆಯ ದನಿಯಲ್ಲಿ ಮಾತಾಡಿದರು. “ಗೆದ್ದವ ಇನ್ನೂ ಕೂತೇ ಇಲ್ಲ. ಹಳಬ ಇನ್ನೂ ಎದ್ದಿಲ್ಲ. ಇದು ಯಾರ ಬಣ್ಣ ಮೈಸೂರೇ?” ನನಗೆ ನಗು ಬಂತು, ಅವರಿಗೂ ಬಂತು. ನಕ್ಕದ್ದಕ್ಕೆ ಆಮೇಲೆ ಇಡೀ ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಜನವರಿಯಲ್ಲಿ ಹೊಸಬ ಕೂತ. ವಾರಾಂತ್ಯ ಕಳೆದು ಭಾನುವಾರ ಬೆಳಿಗ್ಗೆ ಅವರು ಫಲಕ ಇಳಿಸಿ, ಹಾಳೆಯ ಮೇಲೆ ಒಮ್ಮೆ ಬೆರಳು ಬಡಿದು ಕೇಳಿದರು. “ಈಗ ಕೂತವನಿಗೆ ಎಷ್ಟು ತಿಂಗಳು ಬಿಡ್ತೀರಿ?”

ಎಂಟು ಎಂದೆ.

“ಅದು ಪಂಪಿಗೆ. ದೇಶಕ್ಕೆ?”

ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿದರು. ಆ ಉತ್ತರ ಅವರಿಗೆ ಸಾಕಾಯಿತೋ ಏನೋ, ಮತ್ತೆ ಅದನ್ನು ಕೇಳಲಿಲ್ಲ.

ಹುಡುಗಿಯ ಕೊನೆಯ ಪರೀಕ್ಷೆ ಏಪ್ರಿಲಿನಲ್ಲಿ ಮುಗಿಯಿತು. ಅವರು ಬೇರೆ ಕಂಪನಿ ಹುಡುಕಿದರು. ಪತ್ರ ಕೈಯಲ್ಲಿದ್ದರೂ ಆ ವರ್ಷ ಯಾರೂ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಕೊನೆಗೆ ಊರಿಗೇ ಹೊರಟರು. ಕಾರನ್ನು ಕೊಳ್ಳುವವನಿಗೆ ಒಪ್ಪಿಸುವ ಮೊದಲು ನನ್ನನ್ನು ಕೂರಿಸಿಕೊಂಡು ಒಳಗಿದ್ದ ಸಾಮಾನು ತೆಗೆದರು. ಜಪಮಾಲೆ, ಒಂದು ಜೊತೆ ಚಪ್ಪಲಿ, ಮರುಭೂಮಿಗೆ ಒಯ್ಯುತ್ತಿದ್ದ ನೀರಿನ ಕ್ಯಾನು. ಹಾಳೆಯನ್ನು ತೆಗೆದು, ನನಗೆ ಕೊಡಲೋ ಬೇಡವೋ ಎಂಬಂತೆ ಒಂದು ಕ್ಷಣ ಹಿಡಿದುಕೊಂಡು, ಕೊನೆಗೆ ತಮ್ಮ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ದರ ಇಳಿದದ್ದಕ್ಕೆ ತಡೆದಿದ್ದ ಗಿರಾಕಿಗಳಿಂದ ಜೂನಿನಿಂದ ಆರ್ಡರುಗಳು ಬರತೊಡಗಿದವು. ಸೆಪ್ಟೆಂಬರಿನ ಹೊತ್ತಿಗೆ ಪಂಪು ವಿಭಾಗ ಚೇತರಿಸಿಕೊಂಡಿದೆ ಎಂದು ಮೀಟಿಂಗಿನಲ್ಲಿ ಹೊಸ ಮುಖ್ಯಸ್ಥರನ್ನು ಹೊಗಳಿದರು. ತಿಂಗಳ ಪುಟ ಮಾಡುವವನು ನಾನೇ. ಕೇಳದಿದ್ದರೂ ಎರಡು ಪುಟ ಮಾಡಿದೆ. ಎರಡನೆಯದರಲ್ಲಿ ಪ್ರತಿ ಆರ್ಡರಿನ ಮುಂದೆ ಅದರ ಕೊಟೇಶನ್ನಿನ ತಾರೀಕು ಮತ್ತು ಅದಕ್ಕೆ ಸಹಿ ಹಾಕಿದವರ ಹೆಸರು. ಒಂದನ್ನು ಬಿಟ್ಟು ಎಲ್ಲದರ ಮುಂದೆಯೂ ಮಂಗಳೂರಿನವರ ಹೆಸರಿತ್ತು. ಮ್ಯಾನೇಜರ್ ಓದಿದರು. ಕಂಪನಿಯಲ್ಲಿ ಇಲ್ಲದವರ ಹೆಸರು ಮೇಲಕ್ಕೆ ಕಳಿಸಲು ಬರುವುದಿಲ್ಲ ಎಂದು ಆ ಪುಟವನ್ನು ತಮ್ಮ ಡ್ರಾಯರಿನಲ್ಲಿಟ್ಟುಕೊಂಡು, ಮೊದಲನೆಯದನ್ನು ಮಾತ್ರ ಕಳಿಸಿದರು.

ನಾನು ಎರಡನೆಯ ಪುಟದ ಫೋಟೊ ತೆಗೆದು ಮಂಗಳೂರಿಗೆ ಕಳಿಸಿದೆ. ಅವರು ನೋಡಿದ್ದಾರೆ ಎಂಬ ಗುರುತು ಕೂಡಲೇ ಬಂತು. ಉತ್ತರ ಬರಲಿಲ್ಲ. ನಾನು ಕುರ್ಚಿಯಿಂದ ಎದ್ದು ಚಹಾ ಯಂತ್ರದವರೆಗೆ ಹೋಗಿ ಬಂದೆ, ಮತ್ತೆ ಹೋದೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಾಲು ಬಂತು. ಭಾವನ ಅಂಗಡಿಯಲ್ಲಿ ಕೂತಿದ್ದೇನೆ, ಇಲ್ಲಿ ರೇಡಿಯೊ ಇಲ್ಲ, ಇವತ್ತು ಒಮಾನ್ ಎಣ್ಣೆ ಎಷ್ಟು ಎಂದು ಕೇಳಿದ್ದರು.

ನೋಡಿ ಬರೆದೆ. ಕಳಿಸಿದ ಮೇಲೆ, ಇದು ಇವತ್ತಿನದಲ್ಲ, ನವೆಂಬರಿನದು ಎಂದು ಇನ್ನೊಂದು ಸಾಲು ಸೇರಿಸಿದೆ.